ಗಾಲಿಯ ಮೇಲಣ ಮನೆ

ನಮ್ಮ ಜಾತ್ರೆಗಳ ಅನೇಕ ತೇರುಗಳಲ್ಲಿ ಗಾಲಿ, ಅಚ್ಚು ಹಾಗೂ ಕೆತ್ತನೆಯ ಮರದ ಅಡಿಭಾಗ ಶಾಶ್ವತವಾದುವು. ಮೇಲಣ ಗೋಪುರವನ್ನು ವರ್ಷವರ್ಷವೂ ಕಟ್ಟುತ್ತಾರೆ. ಯೂರೋಪಿನ ಸಂಚಾರಿ ಮೋಟಾರು ಮನೆಗಳಲ್ಲಿಯೂ ಅಡಿಭಾಗ ಒಬ್ಬರದು, ಮೇಲಣ ಮನೆ ಮತ್ತೊಬ್ಬರದು. ಆ ಅಡಿಯ ಉಕ್ಕಿನ ರಚನೆಗೆ ಚಾಸಿ ಎಂದು ಹೆಸರು. ಫ್ರೆಂಚ್ ಮೂಲದ ಈ ಶಬ್ದಕ್ಕೆ ಚೌಕಟ್ಟೆಂದೇ ಅರ್ಥ.

ಇಟಲಿಯ ಫಿಯೆಟ್ ಸಂಸ್ಥೆಯು 1981ರಲ್ಲಿ ಹೊರತಂದ ಡುಕಾಟೊ ವಾಹನವನ್ನೇ ನೋಡಬಹುದು. ಇದರ ಎಂಜಿನ್ ಮುಂದಿನ ಗಾಲಿಗಳನ್ನೇ ತಿರುಗಿಸುವುದರಿಂದ ಹಿಂದಕ್ಕೆ ಶಕ್ತಿಯನ್ನೊಯ್ಯುವ ದಂಡ ಬೇಕಿಲ್ಲ. ಆದಕಾರಣ ಚಾಲಕನ ಕೋಣೆಯ ಹಿಂದೆ ಜರ್ಮನಿಯ ಆಲ್ಕೊ ಸಂಸ್ಥೆಯ ತಗ್ಗಾದ, ಹಗುರವಾದ ಚೌಕಟ್ಟನ್ನು ಬೋಲ್ಟುಗಳಿಂದ ಬಿಗಿದು, ಅದರ ಮೇಲೆ ಮನೆಯನ್ನು ನಿಲ್ಲಿಸುವ ಪದ್ಧತಿಯುಂಟು. ವ್ಯಾನನ್ನೇ ಮನೆಯಾಗಿಸುವಲ್ಲಿಯಾದರೋ ತಗಡಿನ ಒಡಲೇ ಬಲ. ಮೇಲ್ಛಾವಣಿಯನ್ನು ಕತ್ತರಿಸಿದವನು ಸುತ್ತಲೂ ಉಕ್ಕಿನ ಪಟ್ಟಿಯ ಆಧಾರ ಕೊಡಲೇಬೇಕು.

ಕಟ್ಟುವವನ ನಿಜವಾದ ಪರೀಕ್ಷೆ ತೂಕದಲ್ಲಿದೆ. ಒಟ್ಟು 3500 ಕಿಲೋಗ್ರಾಂ ಮಿತಿಯ ವಾಹನವು ಮಂಚ, ಒಲೆಗಳು ಸೇರಿ 3000 ತೂಗಿತೆನ್ನಿ. ನಾಲ್ವರಿಗೆ 300, ನೂರು ಲೀಟರ್ ನೀರಿಗೆ 100. ಹಾಸಿಗೆ, ದಿನಸಿಗಳಿಗೆ ಉಳಿದುದು ನೂರೇ! ತೂಕ ಎಲ್ಲಿ ಕೂರುತ್ತದೆಂಬುದೂ ಮುಖ್ಯ. ಅಚ್ಚುಗಳ ನಡುವೆ 4 ಮೀಟರ್ ಅಂತರವಿದ್ದು, ಹಿಂದಿನ ಅಚ್ಚಿನಿಂದ 2 ಮೀಟರ್ ಆಚೆಗೆ 60 ಕಿಲೋಗ್ರಾಂ ಸೈಕಲ್ಲುಗಳನ್ನು ಕಟ್ಟಿದರೆ, ಸನ್ನೆಗೋಲಿನ ನ್ಯಾಯದಿಂದ ಹಿಂದಿನ ಅಚ್ಚಿಗೆ 90 ಹೆಚ್ಚುತ್ತದೆ, ಮುಂದಿನದಕ್ಕೆ 30 ಕುಗ್ಗುತ್ತದೆ. ವಾಹನವನ್ನು ಎಳೆಯುವುದೂ ತಿರುಗಿಸುವುದೂ ಮುಂದಿನ ಗಾಲಿಗಳೇ. ಅವು ಹಗುರಾದಲ್ಲಿ ಮಳೆಯ ರಸ್ತೆಯ ತಿರುವಿನಲ್ಲಿ ಹಿಡಿತ ತಪ್ಪಿ ಒಳಗಿನ ಸಂಸಾರದ ಪ್ರಾಣಕ್ಕೇ ಅಪಾಯ. ಬಲ್ಲವರು ನೀರಿನ ತೊಟ್ಟಿಯನ್ನು ಅಚ್ಚುಗಳ ನಡುವೆ, ನೆಲಕ್ಕೆ ಸಮೀಪವಾಗಿ ಇಡುವುದು ಇದಕ್ಕಾಗಿಯೇ.