ಪಾದಚಾರಿ ಮಾರ್ಗ: ಅಂಗಡಿದಾರರ ಹಕ್ಕು ಮತ್ತು ಹೊಣೆ

ಜಯನಗರ ನಾಲ್ಕನೇ ಬ್ಲಾಕಿನ ಪಾದಚಾರಿ ಮಾರ್ಗಗಳಲ್ಲಿದ್ದ ಬೀದಿ ವ್ಯಾಪಾರಿಗಳನ್ನು 2023ರ ನವೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ತೆರವುಗೊಳಿಸಿತು. ಬಾಡಿಗೆ, ತೆರಿಗೆಗಳೆರಡನ್ನೂ ತೆತ್ತು ಅಂಗಡಿ ನಡೆಸುವ ವರ್ತಕರಿಗೆ ಇದು ಸಮಾಧಾನ ತಂದಿರಬಹುದು. ಆದರೆ ತೆರವು ಕೇವಲ ಪಾಲಿಕೆಯ ಇಚ್ಛೆಗೆ ಬಿಟ್ಟ ವಿಷಯವಲ್ಲ.

2014ರ ಬೀದಿ ವ್ಯಾಪಾರಿಗಳ ಅಧಿನಿಯಮದ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಯಾವ ಬೀದಿ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಆ ಬಳಿಕ ಸ್ಥಳಾಂತರಿಸಬೇಕಾದರೂ 30 ದಿನಗಳ ನೋಟೀಸು ಅಗತ್ಯ. ಯಾವ ರಸ್ತೆಯಲ್ಲಿ ವ್ಯಾಪಾರ ಸಲ್ಲದು ಎಂಬುದು ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿನ ಮೇರೆಗೆ ಸಿದ್ಧವಾಗುವ ಯೋಜನೆಯಲ್ಲಿ ನಿರ್ಧಾರವಾಗುತ್ತದೆ. ಈ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು ಕನಿಷ್ಠ ಶೇ. 40ರಷ್ಟಿರಬೇಕು. ವರ್ತಕರ ಸಂಘಗಳಿಗೂ ಅಲ್ಲಿ ಪ್ರಾತಿನಿಧ್ಯವುಂಟು. ಅಂಗಡಿದಾರರು ಇದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಮನವಿಪತ್ರ ಹಿಡಿದು ಕಚೇರಿಗಳಿಗೆ ಅಲೆಯುವುದಕ್ಕಿಂತ ಆ ಸ್ಥಾನವನ್ನು ಬಳಸಿಕೊಳ್ಳುವುದೇ ಲೇಸು.

ಇನ್ನೊಂದು ಮುಖವೂ ಇದೆ. ಅಂಗಡಿಯಿಂದ ಹೊರಚಾಚಿದ ಮೆಟ್ಟಿಲು, ಜನರೇಟರ್, ಸರಕಿನ ಪೆಟ್ಟಿಗೆ, ಸೀರೆ ಉಡಿಸಿದ ಬೊಂಬೆ ಇವಕ್ಕೆ ಈ ಅಧಿನಿಯಮದ ರಕ್ಷಣೆ ಕಿಂಚಿತ್ತೂ ಇಲ್ಲ. ವಸತಿ ಪ್ರದೇಶದಲ್ಲೂ ಕನಿಷ್ಠ 1.8 ಮೀಟರ್ ಅಗಲ ನಡೆಯಲು ಮುಕ್ತವಾಗಿರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ.

2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಜಯನಗರದ ವರ್ತಕರು ಈಗ ವ್ಯವಹರಿಸಬೇಕಾದುದು ಬೆಂಗಳೂರು ದಕ್ಷಿಣ ನಗರ ಪಾಲಿಕೆಯೊಡನೆ.