ಉಮ್ಮನ ಮಂಡಿ, ಮಕ್ಕಳ ಕಡಲು: ಘಟ್ಟ ಇಳಿದು ಹತ್ತಿದ ಮೂರು ದಿನ

ಕಳೆದ ವರ್ಷದ ರಜೆಯಲ್ಲಿ ಕಡಲು ನೋಡಲು ಹೋಗಿ ನಾವು ಪಟ್ಟ ಪಾಡನ್ನು ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ. ಫೋನಿನಲ್ಲಿ ಫೋಟೊ ನೋಡಿ ಮುಂಗಡ ಕಟ್ಟಿದ್ದ ಒಂದು ಹೋಂಸ್ಟೇಗೆ ರಾತ್ರಿ ಎಂಟಕ್ಕೆ ತಲುಪಿದರೆ, "ನಿಮ್ಮ ಹೆಸರಿನಲ್ಲಿ ರೂಮೇ ಇಲ್ವಲ್ಲ" ಎಂಬ ಉತ್ತರ. ಬೇರೆ ಕಡೆ ಜಾಗ ಸಿಗುವಾಗ ಹನ್ನೊಂದು ಗಂಟೆ. ಅಷ್ಟು ಹೊತ್ತೂ 74 ವರ್ಷದ ಉಮ್ಮ ನೋಯುವ ಮಂಡಿ ಮಡಚಿಕೊಂಡು ವ್ಯಾನಿನ ಹಿಂದಿನ ಸೀಟಿನಲ್ಲೇ ಕೂತಿದ್ದರು. ಅಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ "ಇನ್ನು ನನ್ನನ್ನು ಕರೆಯಬೇಡಿ, ನೀವು ನೀವೇ ಹೋಗಿ" ಎಂದುಬಿಟ್ಟರು.

ಈ ವರ್ಷ ಡಾಕ್ಟರು ಮಂಡಿಗೆ ಆಪರೇಷನ್ ಆಗಲೇಬೇಕು ಎಂದಿದ್ದಾರೆ. ಅದಕ್ಕೆ ಮೊದಲು ಒಮ್ಮೆ ಉಮ್ಮನನ್ನು ಕಡಲ ಬದಿಯಲ್ಲಿ ಕೂರಿಸಬೇಕು ಎಂಬುದು ನಮ್ಮೆಲ್ಲರ ಆಸೆ. ಕರಾವಳಿಯಲ್ಲಿ ಹುಟ್ಟಿ, ಐವತ್ತು ವರ್ಷದ ಹಿಂದೆ ಭದ್ರಾವತಿಗೆ ಸೊಸೆಯಾಗಿ ಬಂದವರು ಅವರು. ಆಗ ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಜೋರಿನಲ್ಲಿದ್ದ ಕಾಲ. ಶಿಫ್ಟ್ ಬಿಡುವ ಹೊತ್ತಿಗೆ ಉಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. "ಅಂಗಡಿಗೆ ಒಂದು ದಿನ ಬಾಗಿಲು ಹಾಕಿ ಹೋಗುವ" ಎಂದು ಉಪ್ಪ ಹೇಳುತ್ತಲೇ ಇದ್ದರು. ಬಾಗಿಲು ಹಾಕಿದ್ದು ಮದುವೆಗೆ ಮತ್ತು ಮಯ್ಯತ್ತಿಗೆ ಮಾತ್ರ. ಉಮ್ಮ ಘಟ್ಟ ಇಳಿದದ್ದೂ ಅದಕ್ಕೇ. ಸುಮ್ಮನೆ ಕೂತು ನೋಡಲೆಂದು ಅವರು ಕಡಲಿಗೆ ಹೋದದ್ದೇ ಇಲ್ಲ.

ಪಟ್ಟಿ ಹರಿದು ಹಾಕಿದ್ದು

ಮನೆಯ ಹಾಲಿನಲ್ಲಿ ಒಂಬತ್ತು ಮಂದಿ ಕೂತು ಪಟ್ಟಿ ಮಾಡಿದೆವು. ಮಕ್ಕಳಿಗೆ ಬೀಚ್ ಬೇಕು. ಬಿ.ಎ. ಓದುವ ತಮ್ಮನ ಮಗಳಿಗೆ ಇತಿಹಾಸ ಬೇಕು. ಕೋಟೆ, ಹಾಳೂರು ಎಂದರೆ ಅವಳಿಗೆ ಊಟವೂ ಬೇಡ. ಹೆಂಗಸರು ಕೇಳಿದ್ದು ಒಂದೇ: "ಎಲ್ಲಿ ಬೇಕಾದರೂ ಹೋಗುವ, ಆದರೆ ಬಾತ್‌ರೂಮ್ ಸರಿ ಇರಬೇಕು." ಹದಿನಾಲ್ಕು ಜಾಗ ಆಯಿತು. ಬಳ್ಳಿಗಾವಿ, ಕವಲೇದುರ್ಗ, ಕೆಳದಿ, ಇಕ್ಕೇರಿ, ಆಗುಂಬೆ, ಮಲ್ಪೆ, ಮಿರ್ಜಾನ್ ಕೋಟೆ ಎಲ್ಲ ಅದರಲ್ಲಿತ್ತು.

ಮೂಲೆಯಲ್ಲಿ ತಸ್ಬೀಹ್ ಹಿಡಿದು ಕೂತಿದ್ದ ಉಮ್ಮ ಅಲ್ಲಿಂದಲೇ ಕೇಳಿದರು: "ಶಿವಮೊಗ್ಗದಲ್ಲಿ ಅರಮನೆ ಉಂಟಂತಲ್ಲ, ಅದನ್ನು ನೀವು ಯಾರಾದರೂ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಇಪ್ಪತ್ತು ಕಿ.ಮೀ. ದೂರದ ಶಿವಮೊಗ್ಗಕ್ಕೆ ಆಸ್ಪತ್ರೆ, ಬಟ್ಟೆ, ಬಂಗಾರ ಎಂದು ತಿಂಗಳಿಗೆ ನಾಲ್ಕು ಬಾರಿ ಹೋಗುವವರು ನಾವು. ಆ ಪ್ರಶ್ನೆ ಕೇಳಿದ ಮೇಲೆ ಪಟ್ಟಿ ಹರಿದು ಹಾಕಿ ಹೊಸದಾಗಿ ಬರೆದೆವು. ನಿಯಮ ಮೂರೇ. ಎಲ್ಲರಿಗಿಂತ ನಿಧಾನ ನಡೆಯುವವರು ಎಷ್ಟು ನಡೆಯಬಲ್ಲರೋ ಅಷ್ಟೇ ಕಾರ್ಯಕ್ರಮ. ದಿನಕ್ಕೆ ಎರಡು ಮುಖ್ಯ ಜಾಗ, ಮೂರನೆಯದು ಸಿಕ್ಕಿದರೆ ಲಾಭ. ಕತ್ತಲಾದ ಮೇಲೆ ಘಟ್ಟದ ರಸ್ತೆ ಬೇಡ.

ಮೊದಲ ದಿನ: ನಮ್ಮದೇ ಪೇಟೆ

ಶುಕ್ರವಾರ ಬೆಳಗ್ಗೆ ಏಳಕ್ಕೆ ಭದ್ರಾವತಿ ಬಿಟ್ಟೆವು. ದಾರಿಯಲ್ಲಿ ಮಕ್ಕಳಿಗೆ ಕಾರ್ಖಾನೆಯ ಗೇಟು ತೋರಿಸಿದೆವು. 1923ರಲ್ಲಿ ಉತ್ಪಾದನೆ ಶುರು ಮಾಡಿದ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯಿಂದ ಅದಿರು ತೊಟ್ಟಿಲಿನಲ್ಲಿ ತೂಗಿಕೊಂಡು ಬರುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಹೊರಗಿನಿಂದ ನೆಂಟರು ಬಂದರೆ ಭದ್ರಾವತಿಯಲ್ಲೇ 13ನೇ ಶತಮಾನದ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯೂ ದೂರವಲ್ಲ.

ಶಿವಮೊಗ್ಗ ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋದರೆ ಸಕ್ರೆಬೈಲು ಆನೆ ಬಿಡಾರ. ಇಲ್ಲಿಗೆ ಬೆಳಗ್ಗೆಯೇ ಹೋಗಬೇಕು. ಆನೆಗಳು ನೀರಿಗಿಳಿದು ಸ್ನಾನ ಮಾಡುವುದು ಆಗಲೇ. ಮಧ್ಯಾಹ್ನ ಹೋದವರಿಗೆ ಖಾಲಿ ಬಯಲು. ಉಮ್ಮ ದಡದಲ್ಲಿ ಕೂತು ಮರಿಯಾನೆಯನ್ನು ನೋಡುತ್ತಾ ಅರ್ಧ ಗಂಟೆ ಕದಲಲಿಲ್ಲ.

ಹನ್ನೊಂದರ ಹೊತ್ತಿಗೆ ತುಂಗಾ ನದಿಯ ಬಳಿಯ ಶಿವಪ್ಪ ನಾಯಕನ ಅರಮನೆ. ಈಗ ಅದು ಸರಕಾರಿ ವಸ್ತುಸಂಗ್ರಹಾಲಯ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ದೊರೆ. ಕಟ್ಟಡ ಅವನದೇ ಎನ್ನುವವರೂ ಇದ್ದಾರೆ, ಹೈದರ್ ಅಲಿಯ ಕಾಲದ್ದು ಎನ್ನುವವರೂ ಇದ್ದಾರೆ. ದಪ್ಪ ಮರದ ಕಂಬಗಳ ನಡುವೆ ತಂಪು. ಹೊರಗೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ವೀರಗಲ್ಲು, ಮಾಸ್ತಿಕಲ್ಲುಗಳು. ಊರಿಗಾಗಿ, ದನಗಳನ್ನು ಕಾಯಲು ಹೋರಾಡಿ ಸತ್ತವರಿಗೆ ನೆಡುತ್ತಿದ್ದ ಕಲ್ಲು ವೀರಗಲ್ಲು ಎಂದು ತಮ್ಮನ ಮಗಳು ವಿವರಿಸಿದಳು. "ಹಾಗಾದರೆ ಇದು ಬಡವರ ಚರಿತ್ರೆ" ಎಂದರು ಉಮ್ಮ.

ಜುಮಾ ಮುಗಿಸಿ ತಮ್ಮನ ಮನೆಯಲ್ಲಿ ಊಟ, ನಿದ್ದೆ. ಸಂಜೆ ಹೆಂಗಸರಿಗೆ ಗಾಂಧಿ ಬಜಾರ್. ರಾತ್ರಿ ಅಲ್ಲೇ ತಂಗಿದ್ದರಿಂದ ರೂಮಿನ ಖರ್ಚೂ ಉಳಿಯಿತು, ಬೆಳಗ್ಗೆ ಬೇಗ ಹೊರಡಲೂ ಆಯಿತು.

ಎರಡನೇ ದಿನ: ಹಾಳೂರಿನಿಂದ ಕಡಲಿಗೆ

ಸುಬಹಿ ನಮಾಝ್ ಮುಗಿಸಿ ಆರೂವರೆಗೆ ಬಾಡಿಗೆಯ ಟೆಂಪೊ ಟ್ರಾವೆಲರ್ ಹತ್ತಿದೆವು. ಸಾಗರ ಸುಮಾರು 72 ಕಿ.ಮೀ. ಅಲ್ಲಿ ತಿಂಡಿ ತಿಂದು ಆರೇಳು ಕಿ.ಮೀ. ಒಳಗೆ ಹೋದರೆ ಇಕ್ಕೇರಿ. ಕೆಳದಿ ಅರಸರ ಎರಡನೇ ರಾಜಧಾನಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಗೆ ಬಂದು ಕಂಡದ್ದನ್ನು ಬರೆದಿಟ್ಟಿದ್ದಾನೆ. ಇಲ್ಲಿನ ಚಿನ್ನದ ನಾಣ್ಯ ಇಕ್ಕೇರಿ ವರಹ ಎಂದು ದೂರದೂರದ ಪೇಟೆಗಳಲ್ಲಿ ನಡೆಯುತ್ತಿತ್ತು. ಇವತ್ತು ಹೋದರೆ ಕಲ್ಲಿನ ಅಘೋರೇಶ್ವರ ದೇವಾಲಯ, ಅದರೆದುರು ನಂದಿ ಮಂಟಪ, ಸುತ್ತ ಹುಲ್ಲು ಮತ್ತು ತೋಟ. ಪೇಟೆಯೂ ಇಲ್ಲ, ಅರಮನೆಯೂ ಇಲ್ಲ. ಕಾರ್ಖಾನೆ ನಿಂತ ಊರಿನಿಂದ ಹೋದ ನಮಗೆ ಅದನ್ನು ಅರ್ಥ ಮಾಡಿಕೊಳ್ಳಲು ಯಾರ ಭಾಷಣವೂ ಬೇಕಾಗಲಿಲ್ಲ. ಕಾಗದದ ಕಾರ್ಖಾನೆಯ ಯಂತ್ರ ನಿಂತ ಮೇಲೆ ಅದರ ಸುತ್ತಲಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಾವು ಕಣ್ಣಾರೆ ನೋಡಿದವರು.

ಜೋಗದಲ್ಲಿ ಎರಡು ಗಂಟೆ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕು ಕವಲಾಗಿ ಬೀಳುವ ಶರಾವತಿ. ಕೆಳಗಿಳಿಯುವ ಮೆಟ್ಟಿಲು ಸಾವಿರಕ್ಕೂ ಹೆಚ್ಚು. ನಮ್ಮ ನಿಯಮದಂತೆ ಯಾರೂ ಇಳಿಯಲಿಲ್ಲ. ಮೇಲಿನಿಂದಲೇ ನೋಡಿ, ಮನೆಯಿಂದ ತಂದ ನೈಪತ್ತಿರ್, ಕೋಳಿ ಸುಕ್ಕ ಬಿಚ್ಚಿದೆವು.

ಜೋಗದಿಂದ ಹೊನ್ನಾವರಕ್ಕೆ ಸುಮಾರು 60 ಕಿ.ಮೀ., ಪೂರ್ತಿ ಕಾಡು ಮತ್ತು ತಿರುವು. ವಾಂತಿ ಬರುವ ಮಕ್ಕಳಿದ್ದರೆ ಮಾತ್ರೆ ಮೊದಲೇ ಕೊಡಿ. ನಡುವೆ ಗೇರುಸೊಪ್ಪೆ. ಐದು ದಶಕಕ್ಕೂ ಹೆಚ್ಚು ಕಾಲ ಆಳಿದ, ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು. ಅಲ್ಲಿನ ಚತುರ್ಮುಖ ಬಸದಿ ಕಾಡಿನೊಳಗೆ, ನಡೆಯುವ ಕೆಲಸ ಇದೆ. ತಮ್ಮನ ಮಗಳ ಮುಖ ಸಣ್ಣದಾಯಿತು. ಆದರೂ ಬಿಟ್ಟು ಮುಂದೆ ಹೋದೆವು.

ನಾಲ್ಕರ ಹೊತ್ತಿಗೆ ಹೊನ್ನಾವರದ ಕಾಸರಕೋಡು ಇಕೋ ಬೀಚ್. ಮುರ್ಡೇಶ್ವರ ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. 2020ರಲ್ಲಿ ರಾಜ್ಯದಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಎರಡಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಸ್ವಚ್ಛ ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಜೀವರಕ್ಷಕರು, ನಡೆಯಲಾಗದವರಿಗೆ ದಾರಿ ಇರಬೇಕು. ನಮ್ಮ ಹೆಂಗಸರು ಕೇಳಿದ್ದೂ ಅದನ್ನೇ ಅಲ್ಲವಾ?

ಮಕ್ಕಳು ನೀರಿಗೆ ಓಡಿದರು. ಉಮ್ಮನನ್ನು ನಾವಿಬ್ಬರು ಹಿಡಿದುಕೊಂಡು ಮರಳಿನ ಅಂಚಿಗೆ ಕರೆದುಕೊಂಡು ಹೋಗಿ, ವ್ಯಾನಿನಿಂದ ತಂದ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಒಂದು ತೆರೆ ಬಂದು ಪಾದ ಮುಟ್ಟಿ ಹೋಯಿತು. "ಇದೇ ನೀರು ನಮ್ಮ ಮನೆಯ ಹಿಂದೆಯೂ ಇತ್ತು. ಆಗ ಹತ್ತಿರ ಬಿಡುತ್ತಿರಲಿಲ್ಲ, ಹೆಣ್ಣುಮಕ್ಕಳಿಗೆ ಅಲ್ಲಿ ಎಂತ ಕೆಲಸ ಅಂತ" ಎಂದರು. ಆಮೇಲೆ ಮಗ್ರಿಬ್ ಬಾಂಗಿನ ಹೊತ್ತಿನವರೆಗೆ ಮಾತಿಲ್ಲ. ಈ ಸಲದ ಮೌನ ಕಳೆದ ವರ್ಷ ವ್ಯಾನಿನಲ್ಲಿ ಕಂಡದ್ದರಂತೆ ಇರಲಿಲ್ಲ.

ರಾತ್ರಿ ಭಟ್ಕಳದಲ್ಲಿ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಹಳೆಯ ಬಂದರು, ನವಾಯತರ ಊರು. ಮಸೀದಿ, ಹಲಾಲ್ ಊಟ ಹುಡುಕುವ ತಾಪತ್ರಯವಿಲ್ಲ. ಈ ಬಾರಿ ರೂಮನ್ನು ಫೋಟೊ ನೋಡಿ ಹಿಡಿದದ್ದಲ್ಲ. ಪರಿಚಯದವರೊಬ್ಬರು ಹೋಗಿ ನೋಡಿ, ನೆಲಮಹಡಿಯಲ್ಲೇ ಮೂರು ಕೋಣೆ ಎಂದು ಖಚಿತಪಡಿಸಿದ ಮೇಲೆ ಹಣ ಕಟ್ಟಿದ್ದು.

ಮೂರನೇ ದಿನ: ನಗರದ ಕೋಟೆ

ಬೆಳಗ್ಗೆ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಒಂದು ಗಂಟೆ ಹೋದರೆ ಮರವಂತೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ನಡೆಯಲಾಗದವರು ಗಾಡಿಯಲ್ಲಿ ಕೂತೇ ಎರಡನ್ನೂ ನೋಡಬಹುದು. ಕುಂದಾಪುರ, ಸಿದ್ದಾಪುರ, ಹೊಸಂಗಡಿ ದಾಟಿ ಹುಲಿಕಲ್ ಘಾಟಿ ಹತ್ತಿ ಮಧ್ಯಾಹ್ನದ ಹೊತ್ತಿಗೆ ಹೊಸನಗರ ತಾಲೂಕಿನ ನಗರ ಮುಟ್ಟಿದೆವು.

ಇದರ ಹಳೆಯ ಹೆಸರು ಬಿದನೂರು. ಇಕ್ಕೇರಿಯ ನಂತರ ಕೆಳದಿ ಅರಸರ ರಾಜಧಾನಿ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರ್ ಅಲಿ ಗೆದ್ದುಕೊಂಡು ಹೈದರ್‌ನಗರ ಎಂದು ಹೆಸರಿಟ್ಟ, ಇಲ್ಲಿಂದಲೇ ನಾಣ್ಯ ಹೊರಡಿಸಿದ. 1783ರಲ್ಲಿ ಇಂಗ್ಲಿಷರು ಹಿಡಿದ ಕೋಟೆಯನ್ನು ಅದೇ ವರ್ಷ ಟಿಪ್ಪು ಮರಳಿ ಪಡೆದ. ಈಗ ಕಲ್ಲಿನ ಗೋಡೆ, ಅರಮನೆಯ ಅಡಿಪಾಯ, ಅಕ್ಕ–ತಂಗಿ ಕೊಳ. ಕರಾವಳಿಯ ಬಂದರುಗಳನ್ನೂ ಘಟ್ಟದ ಮೇಲಿನ ಮೆಣಸು, ಅಡಿಕೆಯನ್ನೂ ಕಟ್ಟಿ ಹಿಡಿದ ಊರಿದು. ಇಂಥ ದಾರಿಗಳಲ್ಲೇ ನಮ್ಮ ಹಿರಿಯರು ವ್ಯಾಪಾರಕ್ಕೆಂದು ಘಟ್ಟ ಹತ್ತಿದ್ದು ಎಂದು ಮಕ್ಕಳಿಗೆ ಹೇಳಿದಾಗ, "ನಡೆದುಕೊಂಡಾ?" ಎಂದು ಸಣ್ಣವನು ಬಾಯಿ ಬಿಟ್ಟ. ಏರು ಸಣ್ಣದಾದರೂ ಉಮ್ಮ ಕೆಳಗೇ ಉಳಿದರು. ನಾವು ಸರದಿಯಲ್ಲಿ ಜೊತೆಗೆ ಕೂತೆವು.

ಹೊರಡುವವರಿಗೆ ನಾಲ್ಕು ಮಾತು

ಜೂನ್‌ನಿಂದ ಸೆಪ್ಟಂಬರ್‌ವರೆಗೆ ಕಡಲಿಗೆ ಇಳಿಯುವ ಯೋಚನೆಯೇ ಬೇಡ. ಘಾಟಿಯಲ್ಲಿ ಮಣ್ಣು ಕುಸಿದರೆ ರಸ್ತೆಯೂ ಬಂದ್. ಬೇಸಗೆಗೆ ಹೋದರೆ ಜೋಗ ಒಣಗಿರುತ್ತದೆ. ಎರಡೂ ಬೇಕಾದವರಿಗೆ ಅಕ್ಟೋಬರ್, ನವೆಂಬರ್ ಒಳ್ಳೆಯದು.

ವಸ್ತುಸಂಗ್ರಹಾಲಯಕ್ಕೆ ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ವಿಚಾರಿಸಿ ಹೊರಡಿ. ಪ್ರಯಾಣದಲ್ಲಿ ನಮಾಝನ್ನು ಜಮ್‌ಅ್, ಕಸ್ರ್ ಮಾಡುವ ಬಗ್ಗೆ ನಿಮ್ಮ ಉಸ್ತಾದರಲ್ಲಿ ಮೊದಲೇ ಕೇಳಿಕೊಂಡರೆ ದಾರಿಯಲ್ಲಿ ಗಡಿಬಿಡಿ ಇಲ್ಲ. ಖರ್ಚನ್ನು ಎರಡು ಮನೆಯವರು ಮೊದಲೇ ಒಂದು ಡಬ್ಬಿಗೆ ಹಾಕಿದ್ದೆವು. ಒಂಬತ್ತು ಮಂದಿಗೆ ಗಾಡಿ, ಊಟ, ರೂಮ್ ಎಲ್ಲ ಸೇರಿ 25,000 ರೂ. ಒಳಗೆ ಮುಗಿಯಿತು.

ಬಸ್ಸು, ರೈಲಿನಲ್ಲಿ ಹೋಗುವವರಿಗೆ ಮೈಸೂರು–ತಾಳಗುಪ್ಪ ರೈಲು ಭದ್ರಾವತಿ, ಶಿವಮೊಗ್ಗದ ಮೇಲೆಯೇ ಸಾಗರಕ್ಕೆ ಹೋಗುತ್ತದೆ. ಮಂಗಳೂರು, ಉಳ್ಳಾಲ, ಉಡುಪಿ ಕಡೆಯ ಓದುಗರು ಇದೇ ದಾರಿಯನ್ನು ತಿರುಗಿಸಿಕೊಳ್ಳಬಹುದು: ಮೊದಲು ನಗರ, ಆಮೇಲೆ ಶಿವಮೊಗ್ಗ, ಕೊನೆಗೆ ಜೋಗ ಇಳಿದು ಕಡಲು.

ಭಾನುವಾರ ಮಗ್ರಿಬ್‌ಗೆ ಮನೆ ಸೇರಿದೆವು. ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಉಮ್ಮ ಮೊಮ್ಮಗಳನ್ನು ಕರೆದರು. "ಆ ಮೆಣಸಿನ ರಾಣಿಯ ಊರು ನಿನಗೆ ತಪ್ಪಿತಲ್ಲ. ಆಪರೇಷನ್ ಆಗಲಿ, ನಾನೇ ನಡೆದು ಬರುತ್ತೇನೆ, ಇನ್‌ಶಾ ಅಲ್ಲಾಹ್."

ಆಪರೇಷನ್‌ಗೆ ಉಮ್ಮ ಒಪ್ಪಿಗೆ ಕೊಟ್ಟದ್ದು ಆ ರಾತ್ರಿ. ಅದುವರೆಗೆ ಅವರು ಹೂಂ ಅಂದಿರಲಿಲ್ಲ.