ಅಚ್ಚಿಗೆ ಹೋಗುವ ಮುನ್ನ ಒಂದು ನೋಟ

ಮದುವೆ ಮುಗಿದಿದೆ. ಚಪ್ಪರ ಬಿಚ್ಚಿದ್ದಾರೆ, ಬೀಗರ ಊಟವೂ ಆಗಿದೆ. ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ಹಾದಿಯಲ್ಲಿ ಸಿಗುವ ಬೆಳಗೊಳದಂಥ ಊರಿನ ಯಾವ ಮನೆಯಲ್ಲಾದರೂ ಇನ್ನು ಉಳಿಯುವ ಕಾತರ ಒಂದೇ: ಪಟ ಯಾವಾಗ ಬರುತ್ತದೆ?

"ಆಲ್ಬಂ ನಿಧಾನಕ್ಕೆ ಕೊಡಪ್ಪ, ಫೋನಿಗೆ ಒಂದೆರಡು ಪಟನಾದ್ರೂ ಹಾಕು" ಎನ್ನುತ್ತಾರೆ ಮದುಮಗಳ ತಾಯಿ. "ಇನ್ನೂ ಕಲರ್ ಕರೆಕ್ಷನ್ ಆಗಿಲ್ಲಮ್ಮ, ಒಂದು ವಾರ ತಡೀರಿ" ಎನ್ನುತ್ತಾನೆ ಸ್ಟುಡಿಯೋದ ಹುಡುಗ. ವಾರ ಹೋಗಿ ತಿಂಗಳಾಗುತ್ತದೆ. ಕೊನೆಗೊಂದು ದಿನ ಭಾರವಾದ ಆಲ್ಬಂ ಮನೆಗೆ ಬರುತ್ತದೆ. ಎಲ್ಲರೂ ಸುತ್ತ ಕುಳಿತು ಪುಟ ತಿರುವುತ್ತಾರೆ. ಬಾಗಿಲಿನ ತೋರಣ ಇದೆ, ಕಾರಿನ ಹೂವಿನ ಅಲಂಕಾರ ಇದೆ. ಧಾರೆಗೆ ನಿಂತ ಸೋದರಮಾವನೇ ಇಲ್ಲ! ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಹರಸಿದ ಅಜ್ಜಿಯೂ ಇಲ್ಲ.

ಆ ಚಿತ್ರಗಳನ್ನು ತೆಗೆದಿರಲಿಲ್ಲವೇ? ತೆಗೆದಿದ್ದರು. ಸಾವಿರಾರು ಚಿತ್ರಗಳಲ್ಲಿ ಆಲ್ಬಂಗೆ ಬೇಕಾದಷ್ಟನ್ನು ಆರಿಸುವಾಗ ಅವು ಬಿಟ್ಟುಹೋದವು, ಅಷ್ಟೆ. ಛಾಯಾಗ್ರಾಹಕನಿಗೆ ಬೆಳಕು ಗೊತ್ತು, ನೆರಳು ಗೊತ್ತು. ಆ ಮನೆಯ ಬಂಧುಬಳಗ ಗೊತ್ತಿಲ್ಲ. ಅಜ್ಜಿಯ ಚಿತ್ರ ತುಸು ಅಲುಗಿದ್ದರೆ ಅವನ ಕಣ್ಣಿಗೆ ಅದು ಕೆಟ್ಟ ಚಿತ್ರ. ಮನೆಯವರಿಗೆ ಅದು ಅಜ್ಜಿಯ ಕೊನೆಯ ಚಿತ್ರವೂ ಆಗಬಹುದು.

ಆದ್ದರಿಂದ, ಅಂತಿಮವಾಗಿ ಕೊಡುವ ಮೊದಲು ಚಿತ್ರಗಳ ಮಾದರಿಯನ್ನು ಗಿರಾಕಿಗೆ ತೋರಿಸಬೇಕೇ ಎಂಬುದು ಬರೀ ವ್ಯಾಪಾರದ ಪ್ರಶ್ನೆಯಲ್ಲ. ಯಾರಿಗೆ ಏನು ಗೊತ್ತು ಎಂಬ ಪ್ರಶ್ನೆ.

ತೋರಿಸಿದರೂ ಉಳಿಯದ ಚಿತ್ರ

ಈ ಜಗ್ಗಾಟ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಕಪ್ಪುಬಿಳುಪಿನ ಕಾಲದಲ್ಲಿ ಯುರೋಪು, ಅಮೆರಿಕಗಳ ಸ್ಟುಡಿಯೋಗಳು ಇದಕ್ಕೆ ಸೊಗಸಾದ ರಾಸಾಯನಿಕ ಪರಿಹಾರ ಕಂಡುಕೊಂಡಿದ್ದವು. ಬೆಳ್ಳಿಯ ಲವಣ ಲೇಪಿಸಿದ ಪ್ರೂಫ್ ಕಾಗದವನ್ನು ನೆಗೆಟಿವಿನ ಅಡಿಯಲ್ಲಿಟ್ಟು ಬಿಸಿಲಿಗೆ ಹಿಡಿದರೆ ಸಾಕು, ಡೆವಲಪರ್ ದ್ರಾವಣವಿಲ್ಲದೆಯೇ ಕೆಂಗಂದು ಬಣ್ಣದ ಚಿತ್ರ ಮೂಡುತ್ತಿತ್ತು. ಚಿತ್ರ ಉಳಿಯಬೇಕಾದರೆ ಅದನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಬೇಕು. ಬೆಳಕು ತಾಗದ ಬೆಳ್ಳಿಯ ಲವಣವನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಈ ಗುಣವನ್ನು 1819ರಲ್ಲೇ ಗುರುತಿಸಿದವನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್.

ಸ್ಟುಡಿಯೋದವರು ಪ್ರೂಫ್ ಚಿತ್ರವನ್ನು ಬೇಕೆಂದೇ ಹೈಪೋದಲ್ಲಿ ಅದ್ದದೆ ಕೊಡುತ್ತಿದ್ದರು. ಗಿರಾಕಿ ಮನೆಗೆ ಒಯ್ದು, ನಾಲ್ಕು ಜನಕ್ಕೆ ತೋರಿಸಿ, ಬೇಕಾದ್ದನ್ನು ಆರಿಸಬಹುದು. ಆದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಚಿತ್ರ ದಿನೇ ದಿನೇ ಕಪ್ಪಾಗಿ ಮಾಸಿಹೋಗುತ್ತದೆ! ಇಂದು ಚಿತ್ರದ ಮೇಲೆ ಅಡ್ಡಲಾಗಿ ಒತ್ತುವ ಸ್ಟುಡಿಯೋದ ಹೆಸರು ಮಾಡುವ ಕೆಲಸವನ್ನು ಅಂದು ರಸಾಯನಶಾಸ್ತ್ರವೇ ಮಾಡುತ್ತಿತ್ತು.

ಮುಂದೆ 35 ಮಿಲಿಮೀಟರ್ ಫಿಲಂ ಬಂತು. ಒಂದು ರೋಲಿನ 36 ಚಿತ್ರಗಳನ್ನೂ ನೆಗೆಟಿವಿನ ಅಳತೆಯಲ್ಲೇ ಒಂದೇ ಹಾಳೆಗೆ ಅಚ್ಚು ಹಾಕುವ ಕಾಂಟ್ಯಾಕ್ಟ್ ಶೀಟ್ ರೂಢಿಗೆ ಬಂತು. ಭೂತಗನ್ನಡಿ ಹಿಡಿದು ನೋಡಿ, ಬೇಕಾದ ಚಿತ್ರಕ್ಕೆ ಗುರುತು ಹಾಕುವುದು, ಅದನ್ನಷ್ಟೇ ದೊಡ್ಡದು ಮಾಡಿಸುವುದು. ಹೀಗೆ ಕಾಲಕಾಲಕ್ಕೆ ವಿಧಾನ ಬದಲಾದರೂ ತತ್ವ ಒಂದೇ: ಆರಿಸಲು ತೋರಿಸು, ಇಟ್ಟುಕೊಳ್ಳಲು ಆಮೇಲೆ ಕೊಡು.

ಹುಡುಗನ ಅಳುಕು ಸುಳ್ಳಲ್ಲ

"ಕರೆಕ್ಷನ್ ಆಗಿಲ್ಲ" ಎಂಬ ಮಾತನ್ನು ನೆಪವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ವಿಜ್ಞಾನವಿದೆ.

ಕಲ್ಯಾಣಮಂಟಪದ ಹಳದಿ ದೀಪದ ವರ್ಣತಾಪ ಸುಮಾರು 3,200 ಕೆಲ್ವಿನ್. ಹಗಲಿನ ಬೆಳಕಿನದು ಸುಮಾರು 5,500. ಮನುಷ್ಯನ ಮಿದುಳು ಈ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾ ಎಷ್ಟೋ ಸಲ ಎಡವುತ್ತದೆ. ಬಿಳಿ ಪಂಚೆ ಕಿತ್ತಳೆಯಾಗುತ್ತದೆ, ಅರಿಶಿನ ಹಚ್ಚಿದ ಮುಖ ಕೆಂಪೇರುತ್ತದೆ. ವೃತ್ತಿಯವರು ಬಳಸುವ 'ರಾ' ಕಡತದಲ್ಲಿ 14 ಬಿಟ್ ಮಾಹಿತಿಯಿದ್ದರೆ ಒಂದೊಂದು ಬಣ್ಣಕ್ಕೂ 16,384 ಮೆಟ್ಟಿಲುಗಳು. ಫೋನಿಗೆ ಕಳಿಸುವ ಸಾಮಾನ್ಯ ಜೇಪೆಗ್ ಚಿತ್ರದಲ್ಲಿ ಬರೀ 256. ಆ ಹೆಚ್ಚಿನ ಮೆಟ್ಟಿಲುಗಳ ಬಲದಿಂದಲೇ ಕತ್ತಲಲ್ಲಿ ಅಡಗಿದ ಮುಖವನ್ನು ಮೇಲೆತ್ತಲು ಸಾಧ್ಯ. ಅದಕ್ಕೆ ಸಮಯ ಬೇಕು.

ಇನ್ನೊಂದು ತೊಡಕು ಪರದೆಯದು. ಫೋನು ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ತಾನೇ ಬೆಳಗುತ್ತದೆ. ಕಾಗದ ಹಾಗಲ್ಲ; ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿ ಉಳಿದದ್ದನ್ನು ಹಿಂತಿರುಗಿಸುತ್ತದೆ. ಫೋನಿನಲ್ಲಿ ಮಿಂಚಿದ ನವಿಲುಬಣ್ಣದ ಸೀರೆ ಆಲ್ಬಂನಲ್ಲಿ ತುಸು ಮಂಕಾಗಿ ಕಂಡರೆ ಮೋಸವಾಯಿತೆಂದು ಜಗಳಕ್ಕೆ ನಿಲ್ಲಬೇಕಿಲ್ಲ. ಎರಡು ಫೋನುಗಳನ್ನು ಪಕ್ಕಪಕ್ಕ ಹಿಡಿದರೆ ಅವೆರಡರ ಬಣ್ಣವೇ ಒಂದಾಗಿರುವುದಿಲ್ಲ!

ಛಾಯಾಗ್ರಾಹಕರ ಇನ್ನೊಂದು ಭಯ ಹಣದ್ದು. ಮಾದರಿಯನ್ನೇ ಇಟ್ಟುಕೊಂಡು ಬಾಕಿ ಕೊಡಲು ಸತಾಯಿಸಿದರೆ? ಇದಕ್ಕೆ ಲೆಕ್ಕ ಹಾಕಿದರೆ ಧೈರ್ಯ ಬರುತ್ತದೆ. 1200 × 800 ಅಳತೆಯ ಮಾದರಿ ಚಿತ್ರದಲ್ಲಿ 9 ಲಕ್ಷ 60 ಸಾವಿರ ಬಿಂದುಗಳಿವೆ. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಿದರೆ ಅದರ ಉದ್ದ 4 ಅಂಗುಲ ಮಾತ್ರ. 12 × 18 ಅಂಗುಲದ ಆಲ್ಬಂ ಪುಟಕ್ಕೆ ಬೇಕಾದ್ದು 1 ಕೋಟಿ 94 ಲಕ್ಷ ಬಿಂದುಗಳು. ಫೋನಿಗೆ ಚೆನ್ನಾಗಿ ಕಾಣುವ ಮಾದರಿಯಿಂದ ಒಳ್ಳೆಯ ಆಲ್ಬಂ ಮಾಡಿಸಲು ಬರುವುದಿಲ್ಲ.

ಶಾಲೆಯ ಗ್ರೂಪ್ ಫೋಟೋ

ಮಕ್ಕಳಿಗೆ ಇದರ ಅನುಭವ ಆಗುವುದು ವರ್ಷದ ಕೊನೆಯ ಗ್ರೂಪ್ ಫೋಟೋದಲ್ಲಿ. ಒಬ್ಬನ ಕಣ್ಣು ಮುಚ್ಚಿದೆ, ಇನ್ನೊಬ್ಬಳ ಮುಖ ಮುಂದಿನವರ ತಲೆಯ ಹಿಂದೆ ಮರೆಯಾಗಿದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದಕ್ಕೊಂದು ಲೆಕ್ಕ ಕಟ್ಟಿ, 2006ರಲ್ಲಿ ಗಣಿತದ 'ಇಗ್ ನೊಬೆಲ್' ಪಡೆದರು. ಅದು ಮೊದಲು ನಗಿಸಿ, ಬಳಿಕ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಅವರ ಸೂತ್ರ ಸರಳ: ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನರಿದ್ದು ಬೆಳಕು ಚೆನ್ನಾಗಿದ್ದರೆ, ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ ಅಷ್ಟು ಸಲ ಕ್ಲಿಕ್ಕಿಸಬೇಕು, ಬೆಳಕು ಕಡಿಮೆಯಿದ್ದರೆ 2ರಿಂದ ಭಾಗಿಸಬೇಕು. 15 ಮಂದಿಗೆ ಒಳ್ಳೆಯ ಬೆಳಕಿನಲ್ಲಿ 5 ಚಿತ್ರ. ಗುಂಪು 50ರ ಹತ್ತಿರ ಬಂದರೆ ಎಲ್ಲರ ಕಣ್ಣೂ ತೆರೆದಿರುವ ಚಿತ್ರದ ಆಸೆಯನ್ನು ಹೆಚ್ಚುಕಡಿಮೆ ಬಿಡಬೇಕು!

ಐವತ್ತು ಮಕ್ಕಳ ತರಗತಿಯಲ್ಲಿ ಇರುವುದರಲ್ಲಿ ಒಳ್ಳೆಯದನ್ನು ಆರಿಸುವ ಕೆಲಸ ತರಗತಿಯವರದೇ ಆಗುವುದು ನ್ಯಾಯ. ಚಿತ್ರದ ಕೆಳಗೆ ಸಾಲಾಗಿ ಅಚ್ಚಾಗುವ ಹೆಸರುಗಳನ್ನೂ ಆಗಲೇ ಸರಿನೋಡಬೇಕು. ಒಬ್ಬನ ಮುಖದ ಕೆಳಗೆ ಇನ್ನೊಬ್ಬನ ಹೆಸರು ಅಚ್ಚಾದರೆ ಅದು ಹತ್ತಾರು ಮನೆಗಳ ಗೋಡೆಯ ಮೇಲೆ ಹಾಗೆಯೇ ಉಳಿಯುತ್ತದೆ.

ಮೊದಲೇ ಆಡಿದ ಮಾತು

ಹಾಗಾದರೆ ದಾರಿ ಯಾವುದು? ತೋರಿಸುವುದು ಸರಿ, ಎಲ್ಲವನ್ನೂ ಹಸಿಹಸಿಯಾಗಿ ಸುರಿಯುವುದು ಸರಿಯಲ್ಲ. ಮೊದಲ ವಾರದಲ್ಲೇ ಬಣ್ಣ ತಿದ್ದಿದ ಹತ್ತು ಹನ್ನೆರಡು ಚಿತ್ರ ಕೊಟ್ಟರೆ ಮನೆಯವರ ಕಾತರ ತಣಿಯುತ್ತದೆ. ಆಮೇಲೆ ಎಲ್ಲ ಚಿತ್ರಗಳನ್ನೂ ಚಿಕ್ಕ ಅಳತೆಯಲ್ಲಿ, ಕ್ರಮಸಂಖ್ಯೆ ಮತ್ತು ಸ್ಟುಡಿಯೋದ ಗುರುತು ಹಾಕಿ ಆಯ್ಕೆಗೆ ಕೊಡಬೇಕು. ಕೊನೆಗೆ, ಜೋಡಿಸಿದ ಪುಟಗಳನ್ನು ಅಚ್ಚಿಗೆ ಮುನ್ನ ಒಮ್ಮೆ ತೋರಿಸಬೇಕು. ಎಷ್ಟು ದಿನ, ಎಷ್ಟು ಸಲ ತಿದ್ದುಪಡಿ, ಬಾಕಿ ಹಣ ಯಾವಾಗ ಎಂಬುದನ್ನು ಮುಂಗಡ ಕೊಡುವ ದಿನವೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ.

ಕಾನೂನಿನ ಒಂದು ಮಾತನ್ನು ಎರಡೂ ಕಡೆಯವರು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಮದುಮಗಳ ಚಿತ್ರವನ್ನು ಮನೆಯವರಿಗೂ ಮೊದಲು ಸ್ಟುಡಿಯೋದ ಜಾಹೀರಾತಿಗೆ ಹಾಕುವವರು ಒಮ್ಮೆ ಕೇಳಬೇಕು. ಮಕ್ಕಳ ಚಿತ್ರವಾದರೆ ತಂದೆತಾಯಿಯನ್ನು ಕೇಳಲೇಬೇಕು. ಹಾಗೆಯೇ ಮಾದರಿಯ ಮೇಲಿನ ಗುರುತನ್ನು ಅಳಿಸಿ, ಅದನ್ನೇ ನೆಂಟರಿಗೆಲ್ಲ ಹಂಚಿ, ಬಾಕಿ ಹಣಕ್ಕೆ ಕೈಯೆತ್ತುವುದು ದುಡಿದವನ ಹೊಟ್ಟೆಯ ಮೇಲೆ ಹೊಡೆದಂತೆ.

ಮಂಡ್ಯ ಸೀಮೆಯ ಮಕ್ಕಳಿಗೆ ಆಲೆಮನೆ ಗೊತ್ತು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ಹದಕ್ಕೆ ಬಂತೇ ಎಂದು ನೋಡಲು ಅದರ ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತಾರೆ. ಆ ಹನಿ ಬೆಲ್ಲವಲ್ಲ. ಅದನ್ನು ತಿಂದು ಬೆಲ್ಲದ ರುಚಿ ಹೇಳುವವರಿಲ್ಲ. ಆದರೆ ಅದನ್ನು ನೋಡದೆ ಪಾಕವನ್ನು ಅಚ್ಚಿಗೆ ಸುರಿಯುವವರೂ ಇಲ್ಲ.